ಚಾವಡಿಯಿಂದ ಓಟಿನ ಪೆಟ್ಟಿಗೆ ಇಳಿಸಿದ ಅಕ್ಕ

ಉತ್ತರಕ್ರಿಯೆಯ ದಿನ ಊಟಕ್ಕೆ ಎಲೆ ಹಾಕುವ ಮೊದಲು ತಾಲೂಕು ಬೋರ್ಡಿನ ಮಾಜಿ ಸದಸ್ಯರೊಬ್ಬರು ಎದ್ದು ನಿಂತು ತೀರಿಕೊಂಡ ಅಕ್ಕನ ಗುಣಗಾನ ಮಾಡಿದರು. "ಮೃದುಭಾಷಿಣಿ, ಶಾಂತ ಸ್ವಭಾವದವರು, ಯಾರಿಗೂ ಎದುರು ಮಾತಾಡಿದವರಲ್ಲ" ಎಂದರು. ಚಪ್ಪರದ ಕೆಳಗೆ ಬೆಂಚಿನಲ್ಲಿ ಕುಳಿತಿದ್ದ ನನಗೆ ನಗು ತಡೆಯಲಾಗಲಿಲ್ಲ. ಶಾಲನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದ ಹಾಗೆ ಮಾಡಿದೆ. ಇದೇ ಮನುಷ್ಯನನ್ನು ಅಕ್ಕ ಒಮ್ಮೆ ಬೆಳ್ತಂಗಡಿಯ ಪೇಟೆಯಲ್ಲಿ ಅಡ್ಡಗಟ್ಟಿ, "ಗೆಲ್ಲುವ ಮೊದಲು ನಮ್ಮೂರಿಗೆ ಎಷ್ಟು ಸಲ ಬಂದಿದ್ದೀರಿ, ಗೆದ್ದ ಮೇಲೆ ಎಷ್ಟು ಸಲ ಬಂದಿದ್ದೀರಿ, ಇಲ್ಲೇ ಹೇಳಿ" ಎಂದು ಕೇಳಿದ್ದನ್ನು ಕಣ್ಣಾರೆ ಕಂಡವನು ನಾನು. ಆತ ಕೊಡೆ ಬಿಡಿಸಿಕೊಂಡು ಹೊರಟುಹೋಗಿದ್ದ. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ.

ಸತ್ತವರನ್ನು ಹೊಗಳಲಿ, ಬೇಡವೆನ್ನುವುದಿಲ್ಲ. ಆದರೆ ಬದುಕಿದ್ದಾಗ ಮೆಣಸಿನ ಹಾಗಿದ್ದವರನ್ನು ಸತ್ತ ಮೇಲೆ ಸಕ್ಕರೆ ಮಾಡುವುದನ್ನು ನನಗೆ ಸಹಿಸಲಾಗುವುದಿಲ್ಲ. ಹಾಗಾಗಿ ನಾನು ಕಂಡ ಅಕ್ಕನನ್ನು ನಾನೇ ಬರೆದುಬಿಡುತ್ತೇನೆ. ಹೆಸರು ಹೇಳುವುದಿಲ್ಲ, ಊರೆಲ್ಲ ಅಕ್ಕ ಎಂದೇ ಕರೆಯುತ್ತಿತ್ತು. ಹೇಳಿದರೆ ಮನೆಯನ್ನೂ ಹೇಳಿದ ಹಾಗಾಗುತ್ತದೆ, ಆ ಮನೆಯಲ್ಲಿ ಇನ್ನೂ ಜನ ಇದ್ದಾರೆ.

ನಾನು ಮುಂಡಾಜೆ ಕಡೆಯವನು. ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಹೋಗುವ ರಸ್ತೆಯಿಂದ ಒಳಗೆ ಒಂದು ಊರಿನಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ಆ ಊರಿಗೆ ಒಂದು ಗುತ್ತು. ಗುತ್ತೆಂದರೆ ಊರಿನ ಮೊದಲ ಮನೆ. ವರ್ಷದ ಭೂತಕೋಲವಾದ ನೇಮದಲ್ಲಿ ದೈವ ಎಲ್ಲರಿಗಿಂತ ಮೊದಲು ಕರೆಯುವುದು ಆ ಮನೆಯ ಯಜಮಾನನನ್ನು. ಗದ್ದೆಗಳೆಲ್ಲ ಅವರದು, ಉಳುವವರೆಲ್ಲ ಅವರ ಒಕ್ಕಲುಗಳು. ಅಕ್ಕನ ಅಣ್ಣ ಆಗಿನ ಯಜಮಾನರು. ಊರಿನ ಪಟೇಲರೂ ಅವರೇ, ಪಂಚಾಯತಿನ ಅಧ್ಯಕ್ಷರೂ ಅವರೇ, ನನ್ನ ಶಾಲೆಯ ಮ್ಯಾನೇಜರೂ ಅವರೇ. ಪಂಚಾಯತಿಗೆ ಚುನಾವಣೆ ಎಂಬುದು ಇತ್ತು, ಆದರೆ ಯಾರೂ ಎದುರು ನಿಲ್ಲುತ್ತಿರಲಿಲ್ಲ. "ನಮ್ಮಲ್ಲಿ ಯಾವಾಗಲೂ ಅವಿರೋಧ" ಎಂದು ಊರವರು ಹೊರಗಿನವರ ಮುಂದೆ ಹೆಮ್ಮೆ ಪಡುತ್ತಿದ್ದರು.

ಅಕ್ಕನನ್ನು ಮೂಡುಬಿದಿರೆಯ ಹತ್ತಿರ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡರು. ಮಕ್ಕಳನ್ನು ಕರೆದುಕೊಂಡು ತಾಯಿಮನೆಗೆ ಬಂದರು. ಬಂದರು ಎಂದರೆ ಆಶ್ರಯಕ್ಕೆ ಬಂದದ್ದಲ್ಲ. ಅಳಿಯಕಟ್ಟಿನ ಮನೆಯಲ್ಲಿ ಯಜಮಾನಿಕೆ ಗಂಡಸಿನದಾದರೂ ಕುಟುಂಬ ಮುಂದುವರಿಯುವುದು ಹೆಣ್ಣಿನಿಂದ. ಅಣ್ಣನ ಮಕ್ಕಳು ಅವರ ತಾಯಿಯ ಮನೆಗೆ ಸೇರಿದವರು, ಅಕ್ಕನ ಮಕ್ಕಳು ಗುತ್ತಿನವರು. ಈ ಸಂಗತಿ ಅಣ್ಣನಿಗೆ ಮರೆತುಹೋಗದ ಹಾಗೆ ಅಕ್ಕ ನೋಡಿಕೊಳ್ಳುತ್ತಿದ್ದರು.

ಎತ್ತರದ ಆಳು. ಎಲೆಯಡಿಕೆ ಇಲ್ಲದ ಬಾಯಿ ನಾನು ನೋಡಿದ್ದಿಲ್ಲ. ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದರೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಓದಿದ್ದು ನಾಲ್ಕನೆಯ ಕ್ಲಾಸಿನವರೆಗೆ. ಆಡುವುದು ತುಳು. ಕಚೇರಿಗಳಲ್ಲಿ ಮಾತ್ರ ಕನ್ನಡ ಆಡುತ್ತಿದ್ದರು, ಅದೂ ಪುಸ್ತಕ ಓದಿದ ಹಾಗೆ ನಿಧಾನವಾಗಿ, ಎದುರಿನವನು ತಪ್ಪಿಸಿಕೊಳ್ಳಲಾಗದ ಹಾಗೆ. ಇಲ್ಲಿ ನಾನು ಬರೆಯುವ ಅವರ ಮಾತುಗಳೆಲ್ಲ ಹೆಚ್ಚಾಗಿ ತುಳುವಿನವು, ಕನ್ನಡಕ್ಕೆ ತಂದಾಗ ಅವುಗಳ ಖಾರ ಸ್ವಲ್ಪ ಇಳಿದಿದೆ.

ಅವರಿಗೊಂದು ಅಭ್ಯಾಸವಿತ್ತು. ಯಾರಾದರೂ "ಸರ್ಕಾರ" ಎಂದರೆ ಸಾಕು, "ಯಾರು?" ಎನ್ನುತ್ತಿದ್ದರು. ಒಮ್ಮೆ ಗ್ರಾಮಸೇವಕನೊಬ್ಬ ಖಾಕಿ ಚಡ್ಡಿ ಹಾಕಿಕೊಂಡು ಸೈಕಲಿನಲ್ಲಿ ಬಂದ. ಜಪಾನ್ ಮಾದರಿಯಲ್ಲಿ ಭತ್ತದ ನೇಜಿ ನೆಡಬೇಕು, ಸರ್ಕಾರದ ಆದೇಶ ಎಂದ.

"ಯಾವ ಸರ್ಕಾರ? ಬೆಳ್ತಂಗಡಿಯದ್ದಾ, ಬೆಂಗಳೂರಿನದ್ದಾ, ಡೆಲ್ಲಿಯದ್ದಾ?" ಎಂದು ಅಕ್ಕ ಕೇಳಿದರು.

ಆ ಹುಡುಗ ತಬ್ಬಿಬ್ಬಾದ. "ಎಲ್ಲ ಒಂದೇ ಅಮ್ಮ. ಮೇಲಿನಿಂದ ಬರ್ತದೆ."

"ಮೇಲಿನಿಂದ ಬರುವುದು ಮಳೆ ಮಾರಾಯ. ಆದೇಶ ಬರುವುದು ಯಾವನದ್ದೋ ಮೇಜಿನಿಂದ. ಅವನ ಹೆಸರು ಹೇಳು. ನೇಜಿ ಕೊಳೆತರೆ ನಾನು ಅವನನ್ನು ಕೇಳಬೇಕಲ್ಲ?"

ಹಾಗೆಂದು ಅವನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಒಂದು ಸಣ್ಣ ಗದ್ದೆಯಲ್ಲಿ ಸಾಲು ಹಿಡಿದು ನೆಡಿಸಿದರು. ಬೆಳೆ ಚೆನ್ನಾಗಿ ಬಂತು. ಆಗಲೂ ಸರ್ಕಾರಕ್ಕೆ ಶಹಭಾಸ್ ಹೇಳಲಿಲ್ಲ, ನೆಟ್ಟ ಹೆಂಗಸರಿಗೆ ಹೇಳಿದರು.

ನಮ್ಮ ಊರಿನ ಒಕ್ಕಲುಗಳಿಗೆ ಈ ಹೊಸ ರಾಜ್ಯಭಾರವನ್ನು ಅರ್ಥ ಮಾಡಿಕೊಳ್ಳಲು ಒಂದೇ ದಾರಿ ಇತ್ತು. ಮನೆಗೊಂದು ದೈವ, ಊರಿಗೊಂದು ದೈವ, ಸೀಮೆಗೊಂದು ದೊಡ್ಡ ದೈವ. ಹಾಗೆಯೇ ಪಂಚಾಯತು, ತಾಲೂಕು ಬೋರ್ಡು, ಬೆಂಗಳೂರು, ಎಲ್ಲಕ್ಕಿಂತ ಆಚೆ ಡೆಲ್ಲಿ. ಪ್ರತಿಯೊಂದಕ್ಕೂ ಅದರದರ ಹರಕೆ ಸಲ್ಲಬೇಕು, ತಲೆ ಎತ್ತಿ ನೋಡಬಾರದು. ಅಕ್ಕನಿಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. "ದೈವವನ್ನಾದರೂ ನಾವು ಬಿಡ್ತೇವಾ? ವರ್ಷ ವರ್ಷ ನೇಮ ಕೊಟ್ಟೆವು, ನಮ್ಮ ಹಟ್ಟಿಯ ದನ ಸತ್ತದ್ದು ಹೇಗೆ, ನೀನು ಎಲ್ಲಿದ್ದೆ ಅಂತ ನಿಂತು ಕೇಳ್ತೇವಲ್ಲ? ದೈವ ಉತ್ತರ ಕೊಡ್ತದಲ್ಲ? ಇವರಿಗೆ ಎಂತ ಕೊಂಬು ಉಂಟಾ?" ಎನ್ನುತ್ತಿದ್ದರು.

ಇನ್ನು ಓಟಿನ ಕಥೆ.

ಮೊದಲನೆಯ ಮಹಾ ಚುನಾವಣೆಯಲ್ಲಿ ನಾವಿನ್ನೂ ಮದರಾಸಿನ ಕೈಕೆಳಗಿದ್ದೆವು. ಊರಿನಲ್ಲಿ ಹೆಂಚಿನ ದೊಡ್ಡ ಕಟ್ಟಡ ಎಂದರೆ ಗುತ್ತಿನ ಮನೆ. ನನ್ನ ಶಾಲೆ ನಡೆಯುತ್ತಿದ್ದುದು ಅವರದೇ ಭತ್ತದ ಕೊಟ್ಟಿಗೆಯ ಪಕ್ಕದ ಹುಲ್ಲುಮಾಡಿನ ಕೆಳಗೆ. ಹಾಗಾಗಿ ಗುತ್ತಿನ ಚಾವಡಿಯೇ ಮತಗಟ್ಟೆಯಾಯಿತು. ಚಾವಡಿ ಎಂದರೆ ಯಜಮಾನರು ಕುಳಿತು ನ್ಯಾಯ ಹೇಳುವ ಎತ್ತರದ ಜಗಲಿ. ಒಕ್ಕಲುಗಳು ಅಂಗಳದಲ್ಲಿ ನಿಂತು ಮಾತಾಡಬೇಕೇ ಹೊರತು ಮೆಟ್ಟಿಲು ಹತ್ತುವ ಹಾಗಿಲ್ಲ, ಬರಿಗೈಯಲ್ಲಿ ಅಂಗಳಕ್ಕೆ ಬರುವ ಹಾಗೂ ಇಲ್ಲ. ಓಟಿನ ದಿನ ಬೆಳಿಗ್ಗೆ ನೋಡುತ್ತೇನೆ, ಒಬ್ಬೊಬ್ಬರ ಕೈಯಲ್ಲೂ ಸೌತೆಕಾಯಿ, ಬಾಳೆಗೊನೆ, ತೊಂಡೆಕಾಯಿಯ ಕಟ್ಟು! ಓಟು ಹಾಕಲು ಬಂದವರು ಗುತ್ತಿಗೆ ಕಾಣಿಕೆ ತಂದಿದ್ದರು. ಹೊರಗಿನಿಂದ ಬಂದಿದ್ದ ಅಧಿಕಾರಿ, ಇದು ಅಭ್ಯರ್ಥಿಯ ಲಂಚವೋ ಮತದಾರನ ಲಂಚವೋ ಎಂದು ತಿಳಿಯದೆ ಕಣ್ಣು ಕಣ್ಣು ಬಿಟ್ಟ.

ನಗುವ ವಿಷಯ ಅಷ್ಟೇ. ಮುಂದಿನದು ನಗುವಂಥದ್ದಲ್ಲ.

ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವರವರ ಗುರುತಿನ ಚಿತ್ರ ಅಂಟಿಸಿ, ಮರೆಯಲ್ಲಿ ಸಾಲಾಗಿ ಇಟ್ಟಿರುತ್ತಿದ್ದರು. ನಮಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ನಮ್ಮಲ್ಲಿ ಮರೆಗೆ ಕಟ್ಟಿದ್ದು ಗುತ್ತಿನದೇ ಒಂದು ಪಂಚೆ. ಅದು ಮೊಣಕಾಲಿನವರೆಗೆ ಮಾತ್ರ ಬರುತ್ತಿತ್ತು. ಎದುರಿಗೆ ಯಜಮಾನರು ತಮ್ಮ ಆರಾಮಕುರ್ಚಿಯಲ್ಲಿ ಒರಗಿಕೊಂಡಿದ್ದರು. ಅವರ ಕುರ್ಚಿ, ಅವರ ಚಾವಡಿ, ಏಳಿ ಎನ್ನುವವರು ಯಾರು? ಕುರ್ಚಿ ತಗ್ಗು. ಪಂಚೆಯ ಕೆಳಗೆ ಕಾಲು ಕಾಣುತ್ತದೆ. ಯಾರ ಕಾಲು ಯಾವ ಪೆಟ್ಟಿಗೆಯ ಎದುರು ನಿಂತಿತು ಎಂದು ನೋಡಲು ಎರಡು ಕಣ್ಣು ಸಾಕು.

ಅಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಣ್ಣ, "ಕೊರಗಪ್ಪ ಆ ಕೊನೆಯ ಪೆಟ್ಟಿಗೆಯ ಹತ್ತಿರ ನಿಂತ" ಎಂದು ಒಂದು ಮಾತು ಹೇಳಿದರಂತೆ. ಅನ್ನ ಬಡಿಸುತ್ತಿದ್ದ ಅಕ್ಕ ಕೇಳಿಸಿಕೊಂಡರು. ಕೊರಗಪ್ಪ ಗುಡ್ಡೆಯ ಬದಿಯ ಒಕ್ಕಲು, ನನಗಿಂತ ಸ್ವಲ್ಪ ದೊಡ್ಡ ಪ್ರಾಯದವನು, ಮಾತು ಕಡಿಮೆ. ಆ ಮಳೆಗಾಲದ ಮೊದಲೇ ಅವನು ಅಜ್ಜನ ಕಾಲದಿಂದ ಗೇಣಿಗೆ ಮಾಡುತ್ತಿದ್ದ ಬೈಲುಗದ್ದೆ ಬೇರೆಯವರ ಕೈಗೆ ಹೋಯಿತು. ಕಾರಣ ಯಾರೂ ಹೇಳಲಿಲ್ಲ. ಅವನೂ ಕೇಳಲಿಲ್ಲ. ಊರಿಗೆಲ್ಲ ಅರ್ಥವಾಯಿತು. ಮುಂದಿನ ಓಟಿನಲ್ಲಿ ಯಾರ ಕಾಲು ಎಲ್ಲಿ ನಿಲ್ಲಬೇಕೆಂದು ಯಾರಿಗೂ ಹೇಳಿಕೊಡುವ ಅಗತ್ಯವಿರಲಿಲ್ಲ.

"ನನಗೆ ಅವತ್ತು ಬಡಿಸಿದ ಅನ್ನ ವಾಪಸು ತೆಗೆಯುವ ಅಂತ ಆಯಿತು ಮಾಸ್ಟ್ರೇ" ಎಂದು ಅಕ್ಕ ನನ್ನ ಹತ್ತಿರ ಹೇಳಿದ್ದರು. "ಓಟು ಅಂತ ಒಂದು ಕೊಟ್ಟರು. ಕೊಟ್ಟದ್ದನ್ನು ನಮ್ಮ ಮನೆಯಲ್ಲೇ ಕಸಿದುಕೊಂಡರು. ನಮ್ಮ ಚಾವಡಿಯಲ್ಲಿ ಪೆಟ್ಟಿಗೆ ಇರುವವರೆಗೆ ಈ ಊರಿನಲ್ಲಿ ಇರುವುದು ಒಂದೇ ಓಟು. ಅದು ಅಣ್ಣನದ್ದು."

ಎರಡನೆಯ ಚುನಾವಣೆ ಬರುವಷ್ಟರಲ್ಲಿ ನಾವು ಮೈಸೂರು ರಾಜ್ಯದವರಾಗಿದ್ದೆವು. ಶಾಲೆಯಲ್ಲಿ ಮಕ್ಕಳಿಗೆ ಸಿಹಿ ಹಂಚಿದೆವು. ರಾಜಧಾನಿ ಬದಲಾಯಿತು, ಚಾವಡಿ ಬದಲಾಗಲಿಲ್ಲ. ಮತಗಟ್ಟೆ ಮತ್ತೆ ಅಲ್ಲಿಯೇ ಎಂದು ತಿಳಿದ ದಿನ ಅಕ್ಕ ಸೆರಗು ಸಿಕ್ಕಿಸಿಕೊಂಡು ಶಾಲೆಗೆ ಬಂದರು.

"ಮಾಸ್ಟ್ರೇ, ಶನಿವಾರ ಮಧ್ಯಾಹ್ನ ಬೆಳ್ತಂಗಡಿಗೆ ಹೋಗುವ. ನೀವು ಮಾತಾಡುವುದು ಬೇಡ. ನನಗೆ ಕನ್ನಡದ ಶಬ್ದ ಸಿಗದಿದ್ದರೆ ಹೇಳಿಕೊಟ್ಟರೆ ಸಾಕು."

"ಅಕ್ಕ, ನನ್ನ ಕೆಲಸ ನಿಮ್ಮ ಅಣ್ಣನ ಕೈಯಲ್ಲಿ ಉಂಟು" ಎಂದೆ.

"ನನ್ನ ಅನ್ನವೂ ಅವರ ಕೈಯಲ್ಲೇ ಉಂಟು. ನಾನು ಹೋಗ್ತೇನಲ್ಲ?"

ಹೋದೆವು. ಬೆಳ್ತಂಗಡಿಯ ಕಚೇರಿಯಲ್ಲಿ ಒಬ್ಬರು ಕನ್ನಡಕ ಏರಿಸಿ ಅಕ್ಕನನ್ನು ನೋಡಿದರು. ಗುತ್ತಿನವರು ಎಂದು ತಿಳಿದ ಕೂಡಲೇ ಎದ್ದು ಕುರ್ಚಿ ಕೊಟ್ಟರು. ಅಕ್ಕ ಕುಳಿತು, ನಮ್ಮ ಮನೆಯಲ್ಲಿ ಓಟು ಬೇಡ ಎಂದರು. ಅವರಿಗೆ ಕಿವಿಯನ್ನು ನಂಬಲಾಗಲಿಲ್ಲ. ಎಲ್ಲ ಕಡೆ ದೊಡ್ಡ ಮನೆಯವರು, ಮತಗಟ್ಟೆ ನಮ್ಮಲ್ಲಿರಲಿ ಎಂದು ಹೇಳಿಸುತ್ತಾರೆ, ಇವರೇನು ಬೇಡವೆನ್ನುತ್ತಾರೆ! ಕೊನೆಗೆ ಕೈ ಮೇಲಕ್ಕೆ ತೋರಿಸಿ, "ಅದೆಲ್ಲ ಮೇಲಿನಿಂದ ಆಗುವುದು ಅಮ್ಮ. ಪುತ್ತೂರಿನ ದೊಡ್ಡ ಕಚೇರಿಯಲ್ಲಿ ಕೇಳಿ" ಎಂದರು. ಅಕ್ಕ ತಲೆ ಎತ್ತಿ ಮೇಲಿನ ಹೆಂಚಿನ ಮಾಡನ್ನೊಮ್ಮೆ ನೋಡಿ ಎದ್ದರು.

ಮುಂದಿನ ವಾರ ಪುತ್ತೂರಿಗೆ. ಬಂಟ್ವಾಳಕ್ಕೆ ಹೋಗಿ, ಅಲ್ಲಿಂದ ಮುಂದೆ ಮಾಣಿಯಲ್ಲಿ ಇಳಿದು ಬಸ್ಸು ಬದಲಿಸಬೇಕು. ಆ ಬಸ್ಸು ಬರುವವರೆಗೆ ಹೋಟೆಲಿನ ಬೆಂಚಿನಲ್ಲಿ ಕುಳಿತು ಅಕ್ಕ ಚಾ ಕುಡಿದರು. ಗುತ್ತಿನ ಹೆಂಗಸು ದಾರಿಬದಿಯ ಹೋಟೆಲಿನಲ್ಲಿ ಗಂಡಸರ ನಡುವೆ ಚಾ ಕುಡಿಯುವುದನ್ನು ಯಾರಾದರೂ ಕಂಡರೆ ಎಂದು ನಾನು ಹೆದರುತ್ತಿದ್ದೆ. ಅವರು ಎರಡನೆಯ ಗ್ಲಾಸು ತರಿಸಿದರು.

ಪುತ್ತೂರಿನ ಅಧಿಕಾರಿ ಇನ್ನೂ ಎಳೆಯ ಪ್ರಾಯದವರು, ಮರ್ಯಾದಸ್ಥರು. ಎಲ್ಲವನ್ನೂ ಕೇಳಿಸಿಕೊಂಡರು. ಮತ್ತೆ ಹೇಳಿದರು, "ನಾವು ಇಲ್ಲಿ ಕುಳಿತು ಯಾವ ಊರಿನಲ್ಲಿ ಯಾವ ಕಟ್ಟಡ ಇದೆ ಎಂದು ಹೇಗೆ ಹೇಳುವುದು? ಕೆಳಗಿನಿಂದ ವರದಿ ಬರುತ್ತದೆ. ಅದನ್ನೇ ಒಪ್ಪುತ್ತೇವೆ."

"ಕೆಳಗಿನಿಂದ ಅಂದರೆ?"

"ನಿಮ್ಮ ಊರಿನ ಪಟೇಲರು."

ಅಕ್ಕ ನಕ್ಕುಬಿಟ್ಟರು. ಆ ನಗುವಿಗೆ ಕಚೇರಿಯ ಗುಮಾಸ್ತರೆಲ್ಲ ತಲೆ ಎತ್ತಿದರು. ಬಸ್ಸಿನಲ್ಲಿ ವಾಪಸು ಬರುವಾಗಲೂ ನಗುತ್ತಲೇ ಇದ್ದರು. "ನೋಡಿದಿರಾ ಮಾಸ್ಟ್ರೇ? ಮೇಲೆ ಮೇಲೆ ಅಂತ ಹತ್ತಿಕೊಂಡು ಹೋದೆವು. ಹತ್ತಿ ಹತ್ತಿ ನಮ್ಮ ಚಾವಡಿಗೇ ಬಂದು ಮುಟ್ಟಿದೆವು. ಡೆಲ್ಲಿಯಷ್ಟು ದೊಡ್ಡದು ಅಂತ ನಾನು ಹೆದರಿದ್ದು ಯಾರಿಗೆ? ನಾನು ಅನ್ನ ಬಡಿಸುವ ನನ್ನ ಅಣ್ಣನಿಗೆ!" ಪಾಣೆಮಂಗಳೂರಿನ ಸೇತುವೆ ದಾಟುವಾಗ ನಗು ನಿಂತಿತು. "ಇನ್ನು ಹೆದರಿಕೆ ಇಲ್ಲ" ಎಂದರು. ಹೆದರಿಕೆ ಎಂಬ ಶಬ್ದ ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ದಿನ.

ಮತಗಟ್ಟೆ ಬದಲಾಯಿಸುವ ಸಮಯ ಮೀರಿತ್ತು. ಓಟಿನ ದಿನ ಬಂದೇ ಬಂತು. ನನ್ನನ್ನೂ ಕೆಲಸಕ್ಕೆ ಹಾಕಿದ್ದರು, ಬೆರಳಿಗೆ ಶಾಯಿ ಹಚ್ಚುವ ಕೆಲಸ. ಬಂಟ್ವಾಳದ ಕಡೆಯಿಂದ ಬಂದ ಅಧಿಕಾರಿ ಹಿಂದಿನ ದಿನವೇ ಬಂದು ಗುತ್ತಿನಲ್ಲಿ ಕೋಳಿಸಾರು ಉಂಡಿದ್ದರು. ಅದೇ ಪಂಚೆ, ಅದೇ ಆರಾಮಕುರ್ಚಿ, ಅದರಲ್ಲಿ ಯಜಮಾನರು. ಕ್ರಮವೂ ಅದೇ. ಮೊದಲು ಗುತ್ತಿನವರ ಓಟು, ಆಮೇಲೆ ಯಜಮಾನರು ಒಬ್ಬೊಬ್ಬ ಒಕ್ಕಲಿನ ಹೆಸರು ಹಿಡಿದು ಕೂಗುವುದು, ಅವನು ತಲೆಯ ಬಟ್ಟೆ ತೆಗೆದು ಬಗ್ಗಿಕೊಂಡು ಮೆಟ್ಟಿಲು ಹತ್ತುವುದು.

ಗುತ್ತಿನವರೆಲ್ಲ ಹಾಕಿದರು, ಅಕ್ಕನ ಪತ್ತೆ ಇಲ್ಲ. ನೋಡಿದರೆ ಹಿಂದಿನ ಬಾಗಿಲಿನಿಂದ ಹೊರಟು ಮನೆಗೆ ಸುತ್ತು ಹಾಕಿ ಬಂದು ಅಂಗಳದಲ್ಲಿ ಒಕ್ಕಲುಗಳ ಸಾಲಿನ ಕೊನೆಯಲ್ಲಿ ನಿಂತಿದ್ದಾರೆ! ಅವರ ಮುಂದಿದ್ದವರೆಲ್ಲ ಬೆಂಕಿ ತಾಗಿದವರ ಹಾಗೆ ಬದಿಗೆ ಸರಿದರು. "ಎಲ್ಲಿಗೆ ಹೋಗ್ತೀರಿ? ಸಾಲು ಅಂದರೆ ಸಾಲು" ಎಂದು ಅಕ್ಕ ಗದರಿದರು. ಯಾರೂ ಮುಂದೆ ನಿಲ್ಲಲೊಲ್ಲರು. ಕೊನೆಯವರು ಮೊದಲಿನವರಾಗಿಬಿಟ್ಟರು. ಸರಿ ಎಂದು ಮೆಟ್ಟಿಲು ಹತ್ತಿ ಬಂದು ಅಧಿಕಾರಿಯ ಮೇಜಿನ ಎದುರು ನಿಂತರು.

"ಸ್ವಾಮಿ, ಇವತ್ತು ಈ ಚಾವಡಿ ಯಾರದ್ದು?" ಪುಸ್ತಕದ ಕನ್ನಡ, ನಿಧಾನವಾಗಿ.

"ಇವತ್ತು ಸರ್ಕಾರದ್ದು ಅಮ್ಮ" ಎಂದರು ಅಧಿಕಾರಿ, ಏನೋ ಸುಲಭದ ಪ್ರಶ್ನೆ ಎಂಬಂತೆ.

"ಸರ್ಕಾರದ ಚಾವಡಿಯಲ್ಲಿ ನನ್ನ ಅಣ್ಣ ಯಾಕೆ ಕುಳಿತಿದ್ದಾರೆ?"

ಶಾಯಿಯ ಕಡ್ಡಿ ನನ್ನ ಕೈಯಲ್ಲೇ ಇತ್ತು, ಅದ್ದುವುದು ಮರೆತಿದ್ದೆ.

"ಒಳಗೆ ಹೋಗು" ಎಂದರು ಯಜಮಾನರು ತುಳುವಿನಲ್ಲಿ, ಸ್ವರ ಏರಿಸದೆ.

"ಹೋಗ್ತೇನೆ. ಓಟು ಹಾಕಿ ಹೋಗ್ತೇನೆ. ನೀವು ಇಲ್ಲಿಂದ ಎದ್ದ ಮೇಲೆ ಹಾಕ್ತೇನೆ."

"ಇದು ನನ್ನ ಮನೆ."

"ಯಜಮಾನಿಕೆ ನಿಮ್ಮದು ಅಣ್ಣ, ನಾನು ಇಲ್ಲ ಅಂತ ಹೇಳಿದೆನಾ? ಮನೆ ನಮ್ಮ ಅಮ್ಮನಿಂದ ನನಗೆ ಬಂದದ್ದು, ನನ್ನಿಂದ ನನ್ನ ಮಗಳಿಗೆ ಹೋಗುವುದು. ನೀವು ನಡುವೆ ನೋಡಿಕೊಳ್ಳುವವರು. ಮತ್ತೆ ಇವತ್ತೊಂದು ದಿನ ಅದು ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಅವರು ಹೇಳಿದರಲ್ಲ, ಕೇಳಲಿಲ್ಲವಾ?" ಮತ್ತೆ ಅಧಿಕಾರಿಯ ಕಡೆ ತಿರುಗಿದರು. "ಆ ಕುರ್ಚಿಯಲ್ಲಿ ಕುಳಿತರೆ ಪಂಚೆಯ ಅಡಿಯಲ್ಲಿ ಕಾಲು ಕಾಣ್ತದೆ. ನೀವೇ ಕುಳಿತು ನೋಡಿ. ಕಾಣುವುದಿಲ್ಲ ಅಂತ ನೀವು ಹೇಳಿದರೆ ನಾನು ಈಗಲೇ ಒಳಗೆ ಹೋಗ್ತೇನೆ."

ಅಧಿಕಾರಿ ಕುಳಿತು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಬೆವರು ಒರೆಸಿಕೊಂಡು, "ಧಣಿಗಳೇ, ನಿಯಮ ಅಂತ ಒಂದು ಉಂಟು... ತಪ್ಪು ತಿಳಿಯಬಾರದು..." ಎಂದು ತೊದಲಿದರು. ತಿಂದ ಕೋಳಿಸಾರು ಗಂಟಲಿಗೆ ಬಂದಿರಬೇಕು. ಪಾಪ, ಆದರೂ ಹೇಳಿದರು. ಆ ಒಂದು ಮಾತಿಗಾಗಿ ಆ ಮನುಷ್ಯನಿಗೆ ಇವತ್ತಿಗೂ ನನ್ನ ನಮಸ್ಕಾರ.

ಯಜಮಾನರು ಎದ್ದರು. ಯಾರನ್ನೂ ನೋಡದೆ ಒಳಗೆ ಹೋದರು. ಕುರ್ಚಿ ಅಲ್ಲಿಯೇ ಉಳಿಯಿತು. ಅದನ್ನು ಮುಟ್ಟುವ ಧೈರ್ಯ ಅಧಿಕಾರಿಗೂ ಇಲ್ಲ, ಪೊಲೀಸಿನವನಿಗೂ ಇಲ್ಲ. ಅಕ್ಕನೇ ಅದನ್ನು ಮಡಚಿ, ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋಗಿ ಒಳಗಿನ ಗೋಡೆಗೆ ಒರಗಿಸಿ ಬಂದರು. ಒಂದು ಬೆಡ್‌ಶೀಟು ತಂದು ನೆಲ ಮುಟ್ಟುವ ಹಾಗೆ ಪಂಚೆಯ ಮೇಲೆ ಕಟ್ಟಿದರು. ಆಮೇಲೆ ಬೆರಳು ಚಾಚಿದರು. ನಾನು ಕಡ್ಡಿಯನ್ನು ಜಾಸ್ತಿಯೇ ಅದ್ದಿದ್ದೆ, ಶಾಯಿ ಉಗುರಿನಿಂದ ಗೆಣ್ಣಿನವರೆಗೆ ಇಳಿಯಿತು. "ಮಾಸ್ಟ್ರೇ, ಬೆರಳಿಗೆ ಹಚ್ಚಿ, ಕೈಗೆಲ್ಲ ಮದರಂಗಿ ಇಡುವುದು ಬೇಡ" ಎಂದರು.

ಆ ದಿನ ಯಾರೂ ಹೆಸರು ಕೂಗಲಿಲ್ಲ. ಅಂಗಳದಲ್ಲಿ ನಿಂತವರು ತಾವಾಗಿಯೇ ಬರಬೇಕಿತ್ತು. ಬಹಳ ಹೊತ್ತು ಯಾರೂ ಬರಲಿಲ್ಲ. ಮೊದಲು ಮೆಟ್ಟಿಲು ಹತ್ತಿದ್ದು ಕೊರಗಪ್ಪ.

ಇದರ ಬೆಲೆಯನ್ನು ಅಕ್ಕ ತೆತ್ತರು. ಅಣ್ಣ ಮಾತು ಬಿಟ್ಟರು. ಒಂದೇ ಮಾಡಿನ ಕೆಳಗೆ ಒಲೆ ಎರಡಾಯಿತು. ನೆಂಟರಿಷ್ಟರು ಮದುವೆ ಮುಂಜಿಗೆ ಅಣ್ಣನನ್ನು ಕರೆದರೆ ಅಕ್ಕನನ್ನು ಬಿಟ್ಟರು. ಮಗಳಿಗೆ ಬಂದ ಒಂದು ಒಳ್ಳೆಯ ಸಂಬಂಧ ತಪ್ಪಿತು. ಆಗ ಮಾತ್ರ ಒಂದು ದಿನ ಶಾಲೆಯ ಜಗಲಿಯಲ್ಲಿ ಕುಳಿತು ಅತ್ತರು. ನಾನು ಏನು ಹೇಳಬೇಕೆಂದು ತಿಳಿಯದೆ, "ಅಣ್ಣನ ಹತ್ತಿರ ಒಮ್ಮೆ ಮಾತಾಡಿ ಅಕ್ಕ" ಎಂದೆ. ಕಣ್ಣೀರು ಅಲ್ಲಿಗೇ ನಿಂತಿತು. "ಎಂತ ಮಾತಾಡುವುದು? ತಪ್ಪಾಯಿತು ಅಂತ ಹೇಳುವುದಾ? ಯಾವುದು ತಪ್ಪಾಯಿತು ಅಂತ ನೀವು ಹೇಳಿ, ನಾನು ಹೋಗಿ ಹೇಳ್ತೇನೆ" ಎಂದು ನನ್ನ ಮೇಲೆಯೇ ಬಿದ್ದರು. ನನ್ನ ಕೆಲಸಕ್ಕೆ ಏನೂ ಆಗಲಿಲ್ಲ. ಯಜಮಾನರು ಒಮ್ಮೆ ಕರೆದು, "ಅವಳಿಗೆ ಕನ್ನಡ ಕಲಿಸಿದ್ದು ನೀವಾ?" ಎಂದು ಕೇಳಿದರು. "ಅವರಿಗೆ ಮೊದಲೇ ಬರ್ತಿತ್ತು" ಎಂದೆ. ಅವರೂ ಕೆಟ್ಟವರಲ್ಲ. ಕೇಳಿಯೇ ಗೊತ್ತಿಲ್ಲದವರು, ಹೇಳಿಯೇ ಅಭ್ಯಾಸವಾದವರು.

ಮುಂದೆ ಪಂಚಾಯತಿಗೆ ಹೊಸ ಕಾನೂನು ಬಂತು. ಊರಿನ ಪಂಚಾಯತು, ಅದರಾಚೆ ತಾಲೂಕು ಬೋರ್ಡು, ಎಲ್ಲದಕ್ಕೂ ಓಟು. ಈ ಸಲ ಅಕ್ಕ ಮೊದಲೇ ಓಡಾಡಿ ಮತಗಟ್ಟೆಗೆ ಜಾಗ ಹುಡುಕಿದರು. ರಸ್ತೆಬದಿಯಲ್ಲಿ ಬ್ಯಾರಿ ಸಾಹುಕಾರರೊಬ್ಬರ ಬೀಡಿ ಬ್ರಾಂಚು ಇತ್ತು. ಕಟ್ಟಿದ ಬೀಡಿ ಕೊಟ್ಟು ಎಲೆ, ತಂಬಾಕು ಒಯ್ಯಲು ಎಲ್ಲ ಜಾತಿಯ ಹೆಂಗಸರೂ ಅಲ್ಲಿಗೆ ಬರುತ್ತಿದ್ದರು, ಒಂದೇ ಜಗಲಿಯಲ್ಲಿ ಕೂರುತ್ತಿದ್ದರು. "ಅಕ್ಕ, ಅದಕ್ಕೆಂತ? ಎರಡು ದಿನ ಬೀಡಿ ಹೊರಗೆ ಇಡುವ, ಓಟು ಒಳಗೆ ಇಡಿ" ಎಂದರು ಸಾಹುಕಾರರು. ಪುತ್ತೂರಿನಿಂದ ಒಪ್ಪಿಗೆಯೂ ಬಂತು. ಚಾವಡಿಗೆ ಪೆಟ್ಟಿಗೆ ಮತ್ತೆ ಹತ್ತಲಿಲ್ಲ.

ಅಷ್ಟಕ್ಕೆ ನಿಲ್ಲಿಸಿದ್ದರೆ ಊರು ಅವರನ್ನು ದೇವಿ ಮಾಡುತ್ತಿತ್ತು. ಅಕ್ಕ ತಾವೇ ಗುಡ್ಡೆಬದಿಯ ಸ್ಥಾನಕ್ಕೆ ನಿಂತರು. ಸ್ತ್ರೀಯರಿಗೆಂದು ಇಟ್ಟ ಸ್ಥಾನವಲ್ಲ, ಎಲ್ಲರಿಗೂ ತೆರೆದಿದ್ದ ಸ್ಥಾನ. "ಅವರು ಕರೆದು ಕೂರಿಸುವ ಮಣೆ ನನಗೆ ಬೇಡ" ಎಂದರು. ಗುತ್ತಿನ ಹೆಸರು ಹೋಗಬಾರದೆಂದು ಅಣ್ಣ ಅಲ್ಲಿ ತಮ್ಮವರು ಯಾರನ್ನೂ ನಿಲ್ಲಿಸಲಿಲ್ಲ. ಇದೂ ಅವಿರೋಧವೇ ಆಯಿತು ಎಂದು ಊರವರು ಮಾತಾಡಿಕೊಂಡರು. ಕೊನೆಯ ದಿನ, ಕೊನೆಯ ಗಳಿಗೆಯಲ್ಲಿ ಇನ್ನೊಬ್ಬ ಬಂದು ಹೆಸರು ಕೊಟ್ಟ. ಕೊರಗಪ್ಪ!

ಊರೆಲ್ಲ ಥೂ ಎಂದಿತು. ಉಂಡ ಮನೆಗೆ ಎರಡು ಬಗೆದವನು ಎಂದಿತು. ಯಾರಿಂದ ಅವನಿಗೆ ಓಟು ಅಂತ ಒಂದು ಸಿಕ್ಕಿತೋ ಅವರ ಎದುರೇ ನಿಲ್ಲುವುದೇ? ನನಗೂ ಸಿಟ್ಟು ಬಂತು. ಅಕ್ಕನಿಗೆ ಬರಲಿಲ್ಲ ಎಂದು ಬರೆದರೆ ನಾನೂ ಆ ಮಾಜಿ ಸದಸ್ಯರ ಹಾಗೆ ಸುಳ್ಳು ಹೇಳಿದಂತಾದೀತು. ಅವರಿಗೆ ಬಹಳ ಸಿಟ್ಟು ಬಂತು. ಮನೆ ಮನೆಗೆ ಹೋಗಿ ಓಟು ಕೇಳಿದರು, ಗೆಲ್ಲಲೇಬೇಕೆಂದು ಕೇಳಿದರು. ಆದರೆ ಯಾರೋ ಒಬ್ಬರು, "ಕೊರಗಪ್ಪನನ್ನು ಕರೆದು ಒಂದು ಮಾತು ಹೇಳಿ ಅಕ್ಕ, ಹಿಂದೆ ತೆಗೀತಾನೆ" ಎಂದಾಗ, ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು, "ಅದು ನನ್ನ ಅಣ್ಣ ಮಾಡುವ ಕೆಲಸ" ಎಂದರು.

ಸೋತರು. ಸಣ್ಣ ಸೋಲಲ್ಲ. ಗುಡ್ಡೆಬದಿ ಇಡೀ ಕೊರಗಪ್ಪನ ಹಿಂದೆ ನಿಂತಿತ್ತು. ಎಷ್ಟೋ ವರ್ಷಗಳ ಮೇಲೆ ಅಣ್ಣ ತಂಗಿಯ ಒಲೆಯ ಕಡೆ ಬಂದು ಬಾಗಿಲಲ್ಲಿ ನಿಂತು, "ಬೇಕಾದದ್ದು ಸಿಕ್ಕಿತಾ?" ಎಂದು ಕೇಳಿ ಹೋದರಂತೆ. ಅಕ್ಕ ಎರಡು ದಿನ ಹೊರಗೆ ಕಾಣಲಿಲ್ಲ. ಶಾಲೆ ಬಿಟ್ಟ ಮೇಲೆ ನಾನು ನೋಡಲು ಹೋದೆ. ಒನಕೆ ಹಿಡಿದು ಅವಲಕ್ಕಿ ಕುಟ್ಟುತ್ತಿದ್ದರು. ಆ ಕುಟ್ಟುವಿಕೆ ನೋಡಿ ನಾನು ಸ್ವಲ್ಪ ದೂರದಲ್ಲೇ ಕುಳಿತೆ.

"ಜನ ಉಪಕಾರ ಮರೆತರು ಅಕ್ಕ" ಎಂದೆ.

ಒನಕೆ ನಿಂತಿತು. "ಉಪಕಾರವಾ? ನಾನು ಅವರಿಗೆ ಅಕ್ಕಿ ಸಾಲ ಕೊಟ್ಟಿದ್ದೆನಾ, ಓಟು ಕೊಟ್ಟು ತೀರಿಸಲಿಕ್ಕೆ? ಇಷ್ಟು ಕಾಲ ಅಣ್ಣನಿಗೆ ಹೆದರಿ ಹಾಕಿದರು, ಇನ್ನು ನನ್ನ ಮೇಲಿನ ದಾಕ್ಷಿಣ್ಯಕ್ಕೆ ಹಾಕಿದರೆ ಎಂತ ವ್ಯತ್ಯಾಸ ಆಯಿತು?" ಒನಕೆಯನ್ನು ಗೋಡೆಗೆ ಒರಗಿಸಿ ಹೇಳಿದರು, "ಹೊಟ್ಟೆ ಉರೀತದೆ ಮಾಸ್ಟ್ರೇ. ಸುಳ್ಳು ಹೇಳುವುದಿಲ್ಲ. ಆದರೆ ಗುತ್ತಿನವರನ್ನು ಸೋಲಿಸಲಿಕ್ಕೆ ಆಗ್ತದೆ ಅಂತ ಊರಿಗೆ ಈಗ ಗೊತ್ತಾಯಿತಲ್ಲ? ಅಣ್ಣನ ಎದುರಂತೂ ಯಾರೂ ನಿಲ್ಲುವುದಿಲ್ಲ, ಅವರು ಸೋಲುವುದು ಹೇಗೆ? ಯಾರಾದರೂ ಒಬ್ಬರು ಸೋಲಬೇಕಿತ್ತು."

ಮುಂದಿನ ವಾರ ಹೊಸ ಪಂಚಾಯತು ಕೂತಿತು. ಕಟ್ಟಡ ಇಲ್ಲದ ಕಾರಣ ನನ್ನ ಶಾಲೆಯ ಮಾಡಿನಲ್ಲೇ, ಶಾಲೆ ಬಿಟ್ಟ ಮೇಲೆ. ಸದಸ್ಯರಿಗೆಂದು ನಾನೇ ಕುರ್ಚಿ ಬೆಂಚು ಹೊಂದಿಸಿಟ್ಟಿದ್ದೆ. ಅಧ್ಯಕ್ಷರ ಸ್ಥಾನದಲ್ಲಿ ಮತ್ತೆ ಯಜಮಾನರೇ, ಅಷ್ಟು ಬೇಗ ಎಲ್ಲ ಬದಲಾಗುವುದಿಲ್ಲ. ಕೊರಗಪ್ಪ ಬದಿಯ ಕುರ್ಚಿಯಲ್ಲಿ ಕುಳಿತಿದ್ದ. ಗುತ್ತಿನ ಯಜಮಾನರ ಎದುರು ಅವನು ಜೀವಮಾನದಲ್ಲಿ ಮೊದಲ ಸಲ ಕುಳಿತದ್ದು. ಹೇಗೋ ಕುಳಿತಿದ್ದ, ಮೈಯೆಲ್ಲ ಬಿಗಿ ಹಿಡಿದುಕೊಂಡು.

ಆಗ ಅಕ್ಕ ಬಂದರು. ಗುಡ್ಡೆಯ ದಾರಿಯಲ್ಲಿ ತೋಡು ದಾಟುವ ಮರದ ಸಂಕ ಮುರಿದಿದೆ, ಮಕ್ಕಳು ಶಾಲೆಗೆ ಬರಲು ತೋಡಿನ ನೀರಿಗೆ ಇಳಿಯಬೇಕಾಗಿದೆ ಎಂದು ದೂರು ಹೇಳಲು ಬಂದವರು. ಅಧ್ಯಕ್ಷರ ಕಡೆ ನೋಡಲೇ ಇಲ್ಲ. ನೇರ ಕೊರಗಪ್ಪನ ಎದುರು ಹೋಗಿ ನಿಂತರು. ಅವನು ಧಡಕ್ಕನೆ ಎದ್ದ. ತಲೆಯ ಬಟ್ಟೆ ತೆಗೆದು ಕಂಕುಳಿಗೆ ಸಿಕ್ಕಿಸಿದ, ಸೊಂಟ ತಾನಾಗಿ ಬಗ್ಗಿತು.

"ಕೂತುಕೋ" ಎಂದರು ಅಕ್ಕ.

"ಇರ್ಲಿ ಅಕ್ಕ. ನೀವು ನಿಂತಿದ್ದೀರಿ, ನಾನು ಹೇಗೆ..."

"ನಾನು ದೂರು ಕೊಡಲಿಕ್ಕೆ ಬಂದವಳು, ನಿಲ್ತೇನೆ. ನೀನು ಕೇಳುವವನು, ಕೂತುಕೋ."

ಅವನಿಗೆ ಆಗಲಿಲ್ಲ. ಕುರ್ಚಿಯನ್ನೂ ನೋಡಿದ, ಯಜಮಾನರನ್ನೂ ನೋಡಿದ, ಕೊನೆಗೆ ನನ್ನನ್ನೂ ನೋಡಿದ. ಅಕ್ಕ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದರು.

"ಕೊರಗಪ್ಪ, ನೀನು ಹೀಗೆ ನಿಂತರೆ ನಾನು ಸೋತದ್ದು ದಂಡ ಆಗ್ತದೆ. ನನ್ನ ಸೋಲನ್ನು ಹಾಳು ಮಾಡಬೇಡ."

ಕೊರಗಪ್ಪ ಕುಳಿತ. ಅಕ್ಕ ನಿಂತುಕೊಂಡೇ ಸಂಕದ ವಿಷಯ ಮೊದಲಿನಿಂದ ಹೇಳಿದರು.